ಸಿಟೀಸ್ ಸ್ಕೈಲೈನ್ಸ್: ಕೋಲಾರದ ಮನೆಯಲ್ಲಿ ಹಲವು ವರ್ಷ ಆಡಿದ ಮೇಲೆ

ವಿಡಿಯೋ ಗೇಮ್ ಆಡಿದರೆ ಮಕ್ಕಳ ಓದು ಹಾಳು ಅನ್ನುವವರಿಗೆ ನಾನು ತೋರಿಸುವುದು ಈ ಆಟವನ್ನೇ. ಶಾಲೆಗೆಂದು ಮಾಡಿದ್ದಲ್ಲ. ಫಿನ್ಲೆಂಡಿನ ಕೊಲಾಸಲ್ ಆರ್ಡರ್ ಕಂಪನಿ 2015ರಲ್ಲಿ ತಂದ, ಊರು ಕಟ್ಟುವ ಮಾಮೂಲಿ ಆಟ. ಮಗಳು ಹೈಸ್ಕೂಲಿಗೆ ಸೇರಿದಾಗ ಕೊಂಡದ್ದು, ಈಗ ಅವಳು ಪಿಯುಸಿ.

ಆಟದ ಜೀವ ಇರುವುದು ನೀರಿನಲ್ಲಿ. ನದಿಗೆ ಪಂಪ್ ಹಾಕಬೇಕು, ಊರಿನ ಕೊಳಚೆಯನ್ನೂ ಎಲ್ಲಾದರೂ ಬಿಡಬೇಕು ಅಲ್ವಾ? ಮಗಳ ಮೊದಲ ಊರಿನಲ್ಲಿ ಕೊಳಚೆ ಪೈಪು ಪಂಪಿಗಿಂತ ಮೇಲ್ಗಡೆ ಇತ್ತು. ಸ್ವಲ್ಪ ಹೊತ್ತಿಗೆ ಕಂದು ನೀರು ಹರಿದು ಬಂದು ಪಂಪನ್ನು ಮುಟ್ಟಿತು. ಮನೆಗಳ ಮೇಲೆ ಕಾಯಿಲೆಯ ಗುರುತು ಒಂದೊಂದಾಗಿ ಎದ್ದವು, ರಸ್ತೆ ತುಂಬ ಆಂಬುಲೆನ್ಸ್. ಪಂಪ್ ಕಿತ್ತು ಮೇಲ್ಗಡೆ ಹಾಕಿದಳು, ಸರಿಹೋಯಿತು. ಆಮೇಲೆ ಕರೆಂಟಿಗೆಂದು ಕೆಳಗಡೆ ಅಣೆಕಟ್ಟು ಕಟ್ಟಿದಳು. ನೀರು ಹಿಂದಕ್ಕೆ ಒತ್ತಿ, ಕೊಳಚೆ ಮತ್ತೆ ಪಂಪಿನ ಹತ್ತಿರ ಬಂತು! ಆಟ ನೀರಿನ ಮೇಲೆ ತೋರಿಸುವ ಬಾಣದ ಗುರುತು ನೋಡಿ ಹರಿವು ಯಾವ ಕಡೆ ಅಂತ ಲೆಕ್ಕ ಹಾಕುವುದನ್ನು ಅವಳು ಕಲಿತದ್ದು ಹೀಗೆ.

ಇದು ನಮ್ಮ ಜಿಲ್ಲೆಯವರಿಗೆ ಸುಮ್ನೆ ಆಟದ ಮಾತಲ್ಲ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯ ಪೈಪಿನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂದು, ಅಲ್ಲಿಂದ ಕೆರೆಯಿಂದ ಕೆರೆಗೆ ಹೋಗುತ್ತಿದೆ. ಎರಡು ಹಂತ ದಾಟಿದ ಮೇಲೂ ಉಳಿಯುವ ಕೊಳೆಯನ್ನು ತೆಗೆಯುವ ಮೂರನೇ ಹಂತದ ಶುದ್ಧೀಕರಣವೂ ಆಗಲಿ ಅಂತ ಇಲ್ಲಿನ ರೈತರು ಕೇಳುತ್ತಲೇ ಇದ್ದಾರೆ. ಆ ಸುದ್ದಿ ಓದಿ ಮಗಳು ಕೇಳಿದ್ದು: "ಕೆರೆ ಪಕ್ಕದ ಬೋರ್‌ವೆಲ್ ನೀರನ್ನ ಯಾರು ಟೆಸ್ಟ್ ಮಾಡ್ತಾರೆ?" ಅವಳ ಪಠ್ಯಪುಸ್ತಕ ಎಂದೂ ಈ ಪ್ರಶ್ನೆ ಹುಟ್ಟಿಸಿರಲಿಲ್ಲ.

ಒಂದು ದೊಡ್ಡ ಕೊರತೆ ಇದೆ. ಆಟದಲ್ಲಿ ನೆಲದಡಿಯ ನೀರೆತ್ತುವ ವಾಟರ್ ಟವರ್ ಕಟ್ಟಿದರೆ ಅಂತರ್ಜಲ ಬರುತ್ತಲೇ ಇರುತ್ತದೆ. ನೆಲ ಕೆಟ್ಟರೆ ನೀರು ಕೆಡುತ್ತದೆ, ಆದರೆ ಎಂದಿಗೂ ಬತ್ತುವುದಿಲ್ಲ. ಸಾವಿರ ಅಡಿ ಕೊರೆದರೂ ಬರೀ ಧೂಳು ಬರುವುದನ್ನು ಕಂಡ ಕೋಲಾರದವರಿಗೆ ಇದು ನಂಬುವ ಮಾತೇ ಅಲ್ಲ. ವರ್ಷಪೂರ್ತಿ ಹರಿಯುವ ನದಿಯಿಲ್ಲದ ಊರನ್ನು ಹೇಗೆ ಕಟ್ಟುವುದು ಅಂತ ಈ ಆಟ ಹೇಳಿಕೊಡುವುದಿಲ್ಲ. ಅದನ್ನು ಪಕ್ಕದಲ್ಲಿ ಕೂತ ದೊಡ್ಡವರೇ ಹೇಳಬೇಕು.

ತೆರಿಗೆ, ಸಾಲ, ಟ್ರಾಫಿಕ್ ಎಲ್ಲ ಚೆನ್ನಾಗಿದೆ. ಕನ್ನಡ ಇಲ್ಲ. ಊರು ಬೆಳೆದಂತೆ 8 ಜಿಬಿ ರ‍್ಯಾಮ್ ಸಾಲುವುದಿಲ್ಲ. ಹೆಚ್ಚುವರಿ ಪ್ಯಾಕ್‌ಗಳಿಗೆ ದುಡ್ಡು ಜಾಸ್ತಿ, ಮೂಲ ಆಟ ಸಾಕು. ಆನ್‌ಲೈನ್ ಗೇಮ್ ಅಂಗಡಿ ಸ್ಟೀಮ್‌ನಲ್ಲಿ ಆಫರ್ ಬಂದಾಗ ತೆಗೆದುಕೊಳ್ಳಿ, ಎಂಟನೇ ಕ್ಲಾಸಿನಿಂದ ಮೇಲಿನ ಮಕ್ಕಳಿಗೆ ಕೊಡಿ.