ಉಜ್ಜದೆ ನೀರು ಹೀರುವ ಟವಲ್: ಗಡಸು ನೀರಿನ ಊರಿನಲ್ಲಿ ಕಾರು ಒರೆಸುವವರಿಗೆ ಒಂದು ವಿಮರ್ಶೆ

ಕಾರಿನ ಬಿಡಿಭಾಗಗಳ ಅಂಗಡಿಗಳಲ್ಲಿಯೂ ಆನ್‌ಲೈನ್ ಮಾರುಕಟ್ಟೆಯಲ್ಲಿಯೂ ‘ಟ್ವಿಸ್ಟೆಡ್ ಲೂಪ್’ ಎಂಬ ಹೆಸರಿನಲ್ಲಿ ಸಿಗುವ ದಪ್ಪನೆಯ ಮೈಕ್ರೋಫೈಬರ್ ಟವಲ್, ತೊಳೆದ ಕಾರಿನ ಮೈಮೇಲಿನ ನೀರನ್ನು ತೆಗೆಯುವುದಕ್ಕೆಂದೇ ತಯಾರಾದ ವಸ್ತು. ನಾನು ಬಳಸುತ್ತಿರುವುದು 60×90 ಸೆಂಟಿಮೀಟರ್ ಅಳತೆಯ, 1200 ಜಿಎಸ್‌ಎಂ (ಎಂದರೆ ಚದರ ಮೀಟರಿಗೆ ಇಷ್ಟು ಗ್ರಾಂ) ತೂಕದ ಟವಲ್. ಇಂಥದ್ದನ್ನು ಹಲವು ಸಂಸ್ಥೆಗಳು ತಮ್ಮ ತಮ್ಮ ಚೀಟಿ ಅಂಟಿಸಿ ಮಾರುತ್ತಿರುವುದರಿಂದ ಇಲ್ಲಿ ಯಾವುದೇ ಒಂದು ಬ್ರಾಂಡಿನ ಬಗ್ಗೆ ಹೇಳದೆ, ಈ ಬಗೆಯ ಬಟ್ಟೆಯ ಗುಣಾವಗುಣಗಳನ್ನಷ್ಟೇ ಹೇಳುತ್ತೇನೆ. ಬೋರ್‌ವೆಲ್ ನೀರಿನಲ್ಲಿ ಕಾರು ತೊಳೆಯುವ ಯಾರಿಗೇ ಆಗಲಿ, ಶಾಂಪೂ ಮತ್ತು ಪಾಲಿಶ್‌ಗಳಿಗಿಂತ ಮೊದಲು ಹಣ ಹಾಕಬೇಕಾದದ್ದು ಇದರ ಮೇಲೆ ಎಂಬುದು ನನ್ನ ಅಭಿಪ್ರಾಯ.

ಈಗಿನ ಕಾರುಗಳಲ್ಲಿ ಬಣ್ಣದ ಪದರದ ಮೇಲೆ ಕ್ಲಿಯರ್‌ಕೋಟ್ ಎಂಬ ಪಾರದರ್ಶಕ ಪದರವಿರುತ್ತದೆ. ಅದರ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್, ಎಂದರೆ ನಾವು ಮುದ್ರಣಕ್ಕೆ ಬಳಸುವ ಎ4 ಹಾಳೆಯ ಸುಮಾರು ಅರ್ಧದಷ್ಟು. ಬೆಂಗಳೂರಿನ ಸುತ್ತಲಿನ ನೆಲ ಗ್ರಾನೈಟ್ ಮತ್ತು ನೈಸ್ ಶಿಲೆಯದ್ದಾದ್ದರಿಂದ, ಗಾಳಿಯಲ್ಲಿ ಹಾರಿ ಬಂದು ಕಾರಿನ ಮೇಲೆ ಕೂರುವ ಧೂಳಿನಲ್ಲಿ ಕ್ವಾರ್ಟ್ಸ್ ಕಣಗಳು ಇದ್ದೇ ಇರುತ್ತವೆ. 1ರಿಂದ 10ರವರೆಗಿನ ಮೋಸ್ ಗಡಸುತನದ ಅಳತೆಯಲ್ಲಿ 7 ಇರುವ ಈ ಕಣಗಳಿಗೆ ಕ್ಲಿಯರ್‌ಕೋಟ್ ಯಾವ ರೀತಿಯಲ್ಲೂ ಎದುರಲ್ಲ. ಎಷ್ಟೇ ಎಚ್ಚರದಿಂದ ತೊಳೆದರೂ ಒಂದಿಷ್ಟು ಕಣಗಳು ಉಳಿಯುತ್ತವೆ. ಆಮೇಲೆ ಬಟ್ಟೆಯನ್ನು ಒತ್ತಿ ಉಜ್ಜಿದಾಗ ಅವೇ ಗೀರುಗಳನ್ನು ಎಳೆಯುತ್ತವೆ. ಕಪ್ಪು ಅಥವಾ ಕಡುನೀಲಿ ಕಾರಿನ ಮೇಲೆ ಬಿಸಿಲು ಬಿದ್ದಾಗ ಸೂರ್ಯನ ಪ್ರತಿಬಿಂಬದ ಸುತ್ತ ಜೇಡರ ಬಲೆಯಂತೆ ಕಾಣುವ ವೃತ್ತಗಳು ಹೀಗೆ ಬಂದವು. ಅವುಗಳನ್ನು ಪಾಲಿಶ್ ಮಾಡಿ ತೆಗೆಯಬಹುದಾದರೂ, ಪ್ರತಿ ಪಾಲಿಶ್‌ನಲ್ಲಿಯೂ ಕ್ಲಿಯರ್‌ಕೋಟಿನ ಒಂದು ಪಾಲು ಸವೆದುಹೋಗುತ್ತದೆ. ಕಳೆದುಕೊಂಡದ್ದು ಮರಳಿ ಬರುವುದಿಲ್ಲ.

ಹಾಗಾದರೆ ಒರೆಸದೆ ಗಾಳಿಗೆ ಬಿಟ್ಟುಬಿಡಬಹುದಲ್ಲ ಎಂದರೆ, ಗಡಸು ನೀರು ಅದಕ್ಕೆ ಅವಕಾಶ ಕೊಡುವುದಿಲ್ಲ. ಕುಡಿಯುವ ನೀರಿನ ಭಾರತೀಯ ಮಾನಕವು ಲೀಟರಿಗೆ 200 ಮಿಲಿಗ್ರಾಂ ಗಡಸುತನವನ್ನು ಸ್ವೀಕಾರಾರ್ಹವೆಂದೂ, ಬೇರೆ ಮೂಲವಿಲ್ಲದಿದ್ದರೆ 600 ಮಿಲಿಗ್ರಾಂವರೆಗೆ ಸಹಿಸಬಹುದೆಂದೂ ಹೇಳುತ್ತದೆ. ಆ ಮಿತಿಯೊಳಗಿನ ನೀರು ಕೂಡ ಬಿಸಿಯಾದ ಬಾನೆಟ್ಟಿನ ಮೇಲೆ ಆರಿದರೆ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳ ಬಿಳಿ ಉಂಗುರಗಳನ್ನು ಬಿಟ್ಟುಹೋಗುತ್ತದೆ. ಬೇಗ ಒರೆಸಿದರೆ ಹೋಗುವ ಕಲೆ, ಬಿಸಿಲಿನಲ್ಲಿ ದಿನಗಟ್ಟಲೆ ಉಳಿದರೆ ಪದರವನ್ನೇ ಕೊರೆಯುತ್ತದೆ. ಬಣ್ಣದ ರಕ್ಷಣೆಗೆಂದು ಮೇಲೆ ಹಚ್ಚುವ ಸೆರಾಮಿಕ್ ಕೋಟಿಂಗ್ ಮಾಡಿಸಿದವರು ಇದರಿಂದ ಪಾರಾದೆವೆಂದು ಭಾವಿಸಬಾರದು. ಕೋಟಿಂಗಿನ ಮೇಲೆ ನೀರು ಮುತ್ತುಗಳಾಗಿ ನಿಲ್ಲುವುದರಿಂದ, ಅವು ಆರಿದಲ್ಲಿ ಲವಣವೂ ಒಂದೇ ಕಡೆ ಗಟ್ಟಿಯಾಗಿ ಕೂರುತ್ತದೆ. ಹೀಗೆ, ಕಲೆಯಾಗದಿರಲು ಬೇಗ ಒರೆಸಬೇಕು, ಗೀರು ಬೀಳದಿರಲು ಮೆಲ್ಲಗೆ ಒರೆಸಬೇಕು. ಈ ಎರಡೂ ಬೇಡಿಕೆಗಳನ್ನು ಒಟ್ಟಿಗೆ ಪೂರೈಸಬಲ್ಲದೆಂಬುದೇ ಈ ಟವಲಿನ ಹಿರಿಮೆ.

ಇದರಲ್ಲಿ ಪಾಲಿಯೆಸ್ಟರ್ ಮತ್ತು ಪಾಲಿಅಮೈಡ್‌ಗಳ ಸೀಳಿದ ನೂಲುಗಳನ್ನು ಹುರಿಗೊಳಿಸಿ, ಸಾಲುಸಾಲಾದ ಕುಣಿಕೆಗಳನ್ನಾಗಿ ಎದ್ದು ನಿಲ್ಲಿಸಿರುತ್ತಾರೆ. ನೂಲುಗಳ ನಡುವಿನ ಸಣ್ಣ ಸಂದುಗಳು ನೀರನ್ನು ತಾವಾಗಿಯೇ ಒಳಗೆ ಎಳೆದುಕೊಳ್ಳುವುದರಿಂದ ಒತ್ತುವ ಅಗತ್ಯವಿಲ್ಲ. ಕುಣಿಕೆಗಳ ನಡುವಿನ ಜಾಗದಲ್ಲಿ ಉಳಿದ ಕಣವೊಂದು ಹೂತುಹೋದರೆ, ಬಣ್ಣದ ಮೇಲೆ ಜಾರುವುದು ಕಣವಲ್ಲ, ಬಟ್ಟೆ. ಕೊಳವೆ ಡಬ್ಬಿಯಲ್ಲಿ ಬರುವ, ಸ್ಪಂಜಿನಂಥ ಕೃತಕ ಬಟ್ಟೆಯಾದ ಪಿವಿಎ ಶ್ಯಾಮಿಯೂ ಚೆನ್ನಾಗಿಯೇ ನೀರು ಹೀರುತ್ತದೆ. ಆದರೆ ಅದರ ಮೈ ನುಣ್ಣಗೆ, ಚಪ್ಪಟೆಯಾಗಿರುವುದರಿಂದ ಸಿಕ್ಕಿಕೊಂಡ ಕಣಕ್ಕೆ ಅಡಗಲು ಜಾಗವಿಲ್ಲ. ನೀರನ್ನು ಬಳಿದು ತೆಗೆಯುವ ಸಿಲಿಕೋನ್ ಬ್ಲೇಡಿನ ಅಂಚಿಗೆ ಒಂದು ಕಣ ಸಿಕ್ಕಿದರೆ ಎಳೆದಷ್ಟು ಉದ್ದಕ್ಕೂ ನೇರವಾದ ಗೆರೆ ಬೀಳುತ್ತದೆ. ಅದನ್ನು ಗಾಜಿಗಷ್ಟೇ ಬಳಸುವುದು ಒಳಿತು. ಹಳೆಯ ಬನಿಯನ್ ಬಟ್ಟೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ.

ಟವಲು ಎಷ್ಟೇ ಒಳ್ಳೆಯದಾದರೂ ಅದಕ್ಕೆ ಕೊಡುವ ಕೆಲಸವನ್ನು ಮೊದಲೇ ಕಡಿಮೆ ಮಾಡಿಕೊಳ್ಳಬೇಕು. ಕೊನೆಯ ಸಲ ನೀರು ಹಾಯಿಸುವಾಗ ಪೈಪಿನ ತುದಿಯ ನಳಿಕೆಯನ್ನು ತೆಗೆದು, ಮೇಲ್ಛಾವಣಿಯಿಂದ ಕೆಳಗೆ ನಿಧಾನವಾಗಿ ನೀರು ಬಿಟ್ಟರೆ, ಹನಿಗಳು ಒಂದಕ್ಕೊಂದು ಸೇರಿ ಹಾಳೆಯಂತೆ ಜಾರಿಹೋಗುತ್ತವೆ ಮತ್ತು ಉಳಿಯುವ ನೀರು ಬಹಳ ಕಡಿಮೆಯಾಗುತ್ತದೆ. ಆಮೇಲೆ ಟವಲನ್ನು ಬಾನೆಟ್ಟಿನ ಮೇಲೆ ಪೂರ್ತಿ ಹರಡಿ, ಎರಡು ಮೂಲೆಗಳನ್ನು ಹಿಡಿದು, ಅದರ ತೂಕವೊಂದೇ ಸಾಕೆಂಬಂತೆ ತನ್ನತ್ತ ಎಳೆದುಕೊಳ್ಳಬೇಕು. ಅಂಗೈ ಊರಬಾರದು, ವೃತ್ತಾಕಾರವಾಗಿ ತಿರುಗಿಸಬಾರದು. ಬಾಗಿಲುಗಳಂತಹ ನಿಂತ ಮೈಗಳಲ್ಲಿ ಎಳೆಯುವುದಕ್ಕಿಂತ ತಟ್ಟಿ ಹೀರಿಸುವುದೇ ಸರಿ. ಮೇಲ್ಛಾವಣಿ, ಗಾಜು, ಬಾನೆಟ್, ಡಿಕ್ಕಿ, ಬಾಗಿಲುಗಳ ಮೇಲ್ಭಾಗ, ಈ ಕ್ರಮದಲ್ಲಿ ಸಾಗಿ, ಚಕ್ರಗಳ ಬಳಿಯ ಕೆಳಭಾಗಕ್ಕೆ ಬೇರೆಯೇ ಬಟ್ಟೆಯನ್ನು ತೆಗೆದುಕೊಳ್ಳಬೇಕು, ಏಕೆಂದರೆ ರಸ್ತೆಯ ಕೊಳೆ ಹೆಚ್ಚು ಉಳಿಯುವುದು ಅಲ್ಲಿಯೇ. ಕನ್ನಡಿ, ಬಾಗಿಲ ಹಿಡಿ, ದೀಪಗಳ ಸಂದು, ನಂಬರ್ ಪ್ಲೇಟು, ಇವುಗಳೊಳಗೆ ಅಡಗಿದ ನೀರನ್ನು ಯಾವ ಟವಲೂ ತೆಗೆಯಲಾರದು. ಮನೆಯಲ್ಲಿ ಸಣ್ಣ ಬ್ಲೋವರ್ ಇದ್ದರೆ ಮೊದಲು ಅಲ್ಲಿ ಗಾಳಿ ಹಾಯಿಸಬೇಕು, ಇಲ್ಲದಿದ್ದರೆ ಒರೆಸಿ ಮುಗಿದ ಬಾಗಿಲ ಮೇಲೆ ಆ ನೀರು ಮತ್ತೆ ಸೋರಿ ಗೆರೆ ಬಿಡುತ್ತದೆ.

ದೋಷಗಳೂ ಇವೆ. ಒಣಗಿದ್ದಾಗಲೇ ಸುಮಾರು 650 ಗ್ರಾಂ ತೂಗುವ ಈ ಬಟ್ಟೆ ನೀರು ಕುಡಿದ ಮೇಲೆ ಭಾರವಾಗುತ್ತದೆ. ಎತ್ತರದ ಎಸ್‌ಯುವಿಯ ಮೇಲ್ಛಾವಣಿಗೆ ಅದನ್ನು ಎಸೆದು ಎಳೆಯುವುದು ಗಿಡ್ಡ ಮೈಕಟ್ಟಿನವರಿಗೆ ಕಷ್ಟ. ಮೇಣವಾಗಲಿ ಕೋಟಿಂಗಾಗಲಿ ಇಲ್ಲದ ಬರಿ ಬಣ್ಣದ ಮೇಲೆ ಇದು ಜಾರದೆ ಅಂಟಿಕೊಂಡಂತೆ ತಡೆಯುತ್ತದೆ. ಅಂಥ ಕಾರಿಗೆ ಮೈಯನ್ನು ಜಾರುವಂತೆ ಮಾಡುವ ಡೀಟೇಲಿಂಗ್ ಸ್ಪ್ರೇಯನ್ನು ಒದ್ದೆ ಮೈಮೇಲೆ ತೆಳುವಾಗಿ ಸಿಂಪಡಿಸಿದರೆ ತಡೆ ಇಲ್ಲವಾಗುತ್ತದೆ, ಖರ್ಚು ಮಾತ್ರ ಹೆಚ್ಚುತ್ತದೆ. ಹೊಸ ಟವಲಿನಿಂದ ಎಳೆಗಳು ಉದುರುವುದರಿಂದ ಒಮ್ಮೆ ಒಗೆದೇ ಬಳಸಬೇಕು.

ಒಗೆಯುವ ವಿಷಯದಲ್ಲಿ ಮಾತ್ರ ರಾಜಿಯಿಲ್ಲ. ಬಟ್ಟೆ ಮೃದುಗೊಳಿಸುವ ಕಂಡಿಷನರ್ ಹಾಕಿದರೆ ನೂಲಿನ ಸಂದುಗಳು ಮುಚ್ಚಿಹೋಗಿ ಹೀರುವ ಶಕ್ತಿಯೇ ಕುಂದುತ್ತದೆ. ಬ್ಲೀಚ್ ಮತ್ತು ಕುದಿಯುವ ನೀರು ನೂಲನ್ನು ಕೆಡಿಸುತ್ತವೆ. ಹತ್ತಿ ಬಟ್ಟೆಗಳ ಜೊತೆ ಹಾಕಿದರೆ ಅವುಗಳ ನಾರು ಕುಣಿಕೆಗಳಲ್ಲಿ ಸಿಕ್ಕಿಕೊಳ್ಳುತ್ತದೆ. ದ್ರವ ಡಿಟರ್ಜೆಂಟ್, ಉಗುರುಬೆಚ್ಚಗಿನ ನೀರು, ನೆರಳು, ಇಷ್ಟೇ ಸಾಕು. ಮಳೆಗಾಲದಲ್ಲಿ ದಪ್ಪ ಬಟ್ಟೆ ಬೇಗ ಒಣಗದೆ ವಾಸನೆ ಹಿಡಿಯುವುದರಿಂದ ಫ್ಯಾನಿನ ಗಾಳಿಗೆ ಹರಡುವುದು ಅಗತ್ಯ. ನೆಲಕ್ಕೆ ಬಿದ್ದ ಟವಲನ್ನು ಕೊಡವಿ ಮತ್ತೆ ಬಣ್ಣಕ್ಕೆ ತಾಗಿಸಕೂಡದು.

ಅಪಾರ್ಟ್‌ಮೆಂಟುಗಳಲ್ಲಿ ಬೆಳಿಗ್ಗೆ ಕಾರು ಒರೆಸುವವರು ಒಂದೇ ಬಕೆಟ್ ನೀರಿನಲ್ಲಿ, ಒಂದೇ ಬಟ್ಟೆಯಲ್ಲಿ ಹಲವು ಕಾರುಗಳನ್ನು ಮುಗಿಸಬೇಕಾಗುತ್ತದೆ. ಕೊಟ್ಟಿರುವ ಸಮಯ ಮತ್ತು ಸಾಮಗ್ರಿಯಲ್ಲಿ ಅವರು ಬೇರೇನೂ ಮಾಡುವಂತಿಲ್ಲ. ಧೂಳನ್ನು ಒಣಗಿದ್ದಂತೆಯೇ ಒರೆಸಬೇಡಿರೆಂದು ಅವರಿಗೆ ತಿಳಿಸಿ, ನಮ್ಮ ಕಾರಿಗೆಂದೇ ಒಂದು ಟವಲನ್ನು ಕೊಟ್ಟು, ವಾರಕ್ಕೊಮ್ಮೆ ನಾವೇ ಅದನ್ನು ಒಗೆದುಕೊಡುವುದು ಮಾಲೀಕರಾದ ನಮ್ಮ ಹೊಣೆ. ಕೊಳ್ಳುವಾಗ ಜಿಎಸ್‌ಎಂ ಸಂಖ್ಯೆಯೊಂದನ್ನೇ ನೋಡದೆ ಅಂಚನ್ನೂ ಮುಟ್ಟಿ ನೋಡಬೇಕು: ನಯವಾದ ಬಟ್ಟೆಯ ಪಟ್ಟಿ ಹೊಲಿದಿದ್ದರೆ ಸರಿ, ಗಡಸು ನೈಲಾನ್ ದಾರದ ಹೊಲಿಗೆಯಿದ್ದರೆ ಬೇಡ, ಮೂಲೆಯಲ್ಲಿ ಒರಟು ಚೀಟಿ ಹೊಲಿದಿದ್ದರೆ ಬಳಸುವ ಮೊದಲೇ ಕತ್ತರಿಸಿ ತೆಗೆಯಬೇಕು. ಸಣ್ಣ ಹ್ಯಾಚ್‌ಬ್ಯಾಕ್‌ಗೆ 40×60 ಸೆಂಟಿಮೀಟರಿನ ಎರಡು ಟವಲುಗಳು ದೊಡ್ಡ ಒಂದಕ್ಕಿಂತ ಅನುಕೂಲ, ಏಕೆಂದರೆ ಒಂದು ತುಂಬಿದಾಗ ಇನ್ನೊಂದು ಕೈಗೆ ಸಿಗುತ್ತದೆ.