ಶಿರಸಿಯ ಭಾನುವಾರದ ಸಂವಾದ: ಹೋಗಿ, ಆದರೆ ಹೊತ್ತು ಬದಲಾಗಬೇಕು

ಶಿರಸಿಯಲ್ಲಿ ಭಾನುವಾರ ಸಂಜೆ ನಡೆಯುವ ಸಾರ್ವಜನಿಕ ಸಂವಾದ ಹೇಗಿದೆ ಅಂತ ಕೇಳುತ್ತಿರುವವರಿಗೆ ಇದು. ಖಂಡಿತ ಹೋಗಿ. ದುಡ್ಡು ಕೊಡಬೇಕಿಲ್ಲ, ಯಾರು ಬೇಕಾದರೂ ಮಾತಾಡಬಹುದು, ಚಹಾ ಚೆನ್ನಾಗಿರುತ್ತದೆ.

ಈ ಸಲದ ವಿಷಯ ಆಫ್ರಿಕಾ ಮೂಲದ ನಮ್ಮ ಸಿದ್ದಿ ಜನ, ಮೈಬಣ್ಣ, ಕಾಡಿನ ಹಕ್ಕು. ಮೊದಲು ಹೊರಗಿನಿಂದ ಬಂದ ಉಪನ್ಯಾಸಕರ ಭಾಷಣ, ಜಾಸ್ತಿಯೇ ಉದ್ದ. ಪೋರ್ಚುಗೀಸರು ಆಫ್ರಿಕಾದಿಂದ ಗೋವಾಕ್ಕೆ ಗುಲಾಮರನ್ನು ತಂದದ್ದು, ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದ್ದು, ಎಲ್ಲ ಸರಿಯಾಗಿಯೇ ಹೇಳಿದರು. ಆದರೆ ಆ ಸಿದ್ದಿ ಹೆಂಗಸರು ಎದುರಿಗೇ ಕೂತಿದ್ದರು. ಅವರನ್ನೇ ಮೊದಲು ಮಾತಾಡಿಸಬಹುದಿತ್ತು ಅಲ್ವಾ?

ಮೈಕು ಅವರ ಕೈಗೆ ಬಂದ ಮೇಲೆ ಸಭೆಯ ಕಳೆಯೇ ಬೇರೆ. ಮಂಚಿಕೇರಿ ಕಡೆಯ ಅಕ್ಕ ಒಬ್ಬರು ಕವಂದಿ, ಅಂದರೆ ಸಿದ್ದಿ ಹೆಂಗಸರು ಹೊಲಿಯುವ ಕೌದಿ, ಬಿಚ್ಚಿ ಮೇಜಿನ ಮೇಲೆ ಹಾಸಿದರು. ಹಳೇ ಸೀರೆ, ಅಂಗಿಯ ತುಂಡು ಜೋಡಿಸಿ, ಅಂಚಿನಿಂದ ಹೊಲಿಯುತ್ತಾ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೂ ಫುಲ ಅನ್ನುವ ಮಡಚಿದ ಬಟ್ಟೆಯ ತುಂಡು ಇಡದೆ ಅದು ಪೂರ್ತಿ ಆಗುವುದಿಲ್ಲವಂತೆ. ಹೊಲಿಗೆ ತೋರಿಸುತ್ತಲೇ ಹೇಳಿದರು, ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ಕನ್ನಡ ಮಾತಾಡಿದರೂ ಬಸ್ಸಿನಲ್ಲಿ ಈಗಲೂ ಯಾವ ದೇಶ ಅಂತ ಕೇಳುತ್ತಾರೆ ಅಂತ. ಸಿದ್ದಿ ಮಕ್ಕಳನ್ನು ಓಟಗಾರರನ್ನಾಗಿ ಮಾಡುತ್ತೇವೆ ಅಂತ 1987ರಲ್ಲಿ ಶುರುವಾದ ಸರ್ಕಾರಿ ಕ್ರೀಡಾ ಯೋಜನೆಯ ಮಾತೂ ಬಂತು. ಆಫ್ರಿಕಾ ಮೂಲದವರು, ಹುಟ್ಟಿನಿಂದಲೇ ಓಡುತ್ತಾರೆ ಅನ್ನುವ ಲೆಕ್ಕದಲ್ಲಿ ಕರೆದುಕೊಂಡು ಹೋದರು, ಕೆಲವೇ ವರ್ಷಕ್ಕೆ ಬಾಗಿಲು ಹಾಕಿದರು. ವಾಪಸು ಬಂದ ಮಕ್ಕಳ ಓದು ಏನಾಯಿತು ಅಂತ ಅವರು ಕೇಳಿದಾಗ ವೇದಿಕೆಯಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ.

ಆಮೇಲೆ ಅಂಕೋಲೆಯ ಹಾಲಕ್ಕಿ ಒಕ್ಕಲು ಸಮುದಾಯದ ಅಮ್ಮ ಒಬ್ಬರು ಎದ್ದರು. ನಮ್ಮ ಜಿಲ್ಲೆಯ ಸಿದ್ದಿಗಳಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿತು, ಹಾಲಕ್ಕಿಗಳು ಕೇಳುತ್ತಲೇ ಇದ್ದಾರೆ. ಆ ಪಟ್ಟಿಯಲ್ಲಿ ಇಲ್ಲದ ಕಾರಣ, 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಕಾಡಿನ ಜಾಗದ ಹಕ್ಕು ಕೇಳಲು ಹಾಲಕ್ಕಿಗಳು 2005ಕ್ಕೆ ಹಿಂದಿನ 75 ವರ್ಷದ ವಾಸ ತೋರಿಸಬೇಕು, ಅಂದರೆ 1930ರಿಂದ. ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆದದ್ದೂ ಅದೇ 1930ರಲ್ಲಿ! ಬ್ರಿಟಿಷರ ಉಪ್ಪಿನ ಕಾನೂನು ಮುರಿದ ಊರಿನ ಜನ, ಆಗ ನಾವು ಇಲ್ಲೇ ಇದ್ದೆವು ಅಂತ ಈಗ ಕಾಗದ ಹುಡುಕಬೇಕು. ಊರ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಸಾಕ್ಷಿ ಅಂತ ನಿಯಮದಲ್ಲೇ ಇದೆ. ಇದನ್ನು ಒಬ್ಬ ವಕೀಲರು ಅಲ್ಲೇ ಬಿಡಿಸಿ ಹೇಳಿದರು, ಅಮ್ಮ ಮಗನ ಕೈಲಿ ಬರೆಸಿಕೊಂಡರು. ಇಂಥ ಕೆಲಸಕ್ಕೇ ಸಂವಾದ ಬೇಕು.

ಅಷ್ಟರಲ್ಲಿ ಮಂಚಿಕೇರಿಯವರು ಕವಂದಿ ಮಡಚಿಕೊಂಡು ಎದ್ದರು. ಬಸ್ಸು ತಪ್ಪಿದರೆ ಮನೆ ಸೇರುವುದು ಹೇಗೆ? ಪ್ರಶ್ನೋತ್ತರದ ಹೊತ್ತಿಗೆ ಉಳಿದವರು ಬೈಕು, ಕಾರು ಇದ್ದ ನಾವು ಮಾತ್ರ. ನನಗೆ ತುಂಬಾ ಬೇಜಾರಾಯಿತು.

ಆಯೋಜಕರಿಗೆ ನನ್ನ ಬೇಡಿಕೆ ಇಷ್ಟೇ. ಬೆಳಿಗ್ಗೆ ಹತ್ತಕ್ಕೆ ಶುರು ಮಾಡಿ, ದೂರದಿಂದ ಬರುವ ಹೆಂಗಸರಿಗೆ ಬಸ್ ಚಾರ್ಜು ಕೊಡಿ, ಭಾಷಣವನ್ನು ಕೊನೆಗೆ ಇಡಿ. ಚಾರ್ಜಿಗೆ ದುಡ್ಡು ಸೇರಿಸುವುದಾದರೆ ನಾನೂ ಕೊಡುತ್ತೇನೆ.