ಲಂಡನ್ನಿನಲ್ಲಿ "ಲೈವ್ ಡಬ್‌ಸ್ಟೆಪ್, ಗ್ರೈಮ್ ಸೆಟ್" ಅಂತ ಟಿಕೆಟ್ ತಗೊಳ್ಳೋ ಮುಂಚೆ ಇದನ್ನ ಓದಿ

ಇನ್ನೂ ಸಿಟ್ಟು ಇಳಿದಿಲ್ಲ. ಬರಹ ಹಿಂದೆಮುಂದೆ ಆದರೆ ಸಹಿಸಿಕೊಳ್ಳಿ.

ಡಬ್‌ಸ್ಟೆಪ್, ಗ್ರೈಮ್ ಅಂದರೆ ಲಂಡನ್ನಿನಲ್ಲಿ ಹುಟ್ಟಿದ ಎಲೆಕ್ಟ್ರಾನಿಕ್ ಸಂಗೀತ; ಗ್ರೈಮ್‌ನಲ್ಲಿ ರ‍್ಯಾಪ್ ಕೂಡ ಇರುತ್ತೆ. ಪೋಸ್ಟರ್‌ನಲ್ಲಿ ಇದ್ದದ್ದು: ರಾತ್ರಿಯಿಡೀ ಡಿಜೆ ಅಲ್ಲೇ ಮಿಕ್ಸ್ ಮಾಡೋ ಲೈವ್ ಸೆಟ್, ಎಲ್ಲಾ ವಿನೈಲ್ (ಅಂದರೆ ಗ್ರಾಮಫೋನ್ ತಟ್ಟೆಯಂಥ ರೆಕಾರ್ಡ್), ಮೈಕ್ ಹಿಡಿದು ರ‍್ಯಾಪ್ ಮಾಡುತ್ತಾ ಜನರನ್ನ ಹುರಿದುಂಬಿಸೋ ಎಂಸಿ, ದೊಡ್ಡ ಸೌಂಡ್ ಸಿಸ್ಟಮ್. 2005ರಲ್ಲಿ ಲಂಡನ್ನಿನ ಬ್ರಿಕ್ಸ್‌ಟನ್‌ನಲ್ಲಿ ನಡೆಯುತ್ತಿದ್ದ ಡಿಎಂಝಡ್ ಅನ್ನೋ ಹೆಸರಾಂತ ಡಬ್‌ಸ್ಟೆಪ್ ಕ್ಲಬ್ ರಾತ್ರಿಗಳ ಹಾಗೇ ಇರುತ್ತೆ ಅಂತ ಬೇರೆ. ತಲೆಗೆ 22 ಪೌಂಡ್. ಕಾರ್ಡ್ ಬೇಡ, ಬ್ಯಾಂಕ್ ಟ್ರಾನ್ಸ್‌ಫರ್ ಮಾಡಿ, ಬುಕಿಂಗ್ ಫೀ ಉಳಿಯುತ್ತೆ ಅಂದರು. ಊರಿಂದ ಬಂದಿದ್ದ ಅಕ್ಕನ ಮಗನನ್ನೂ ಕರೆದುಕೊಂಡು ಹೋದೆ. "ಡಬ್‌ಸ್ಟೆಪ್ ಬೆಳೆದದ್ದು ಇಲ್ಲೇ ಕ್ರಾಯ್ಡನ್‌ನಲ್ಲಿ ಕಣೋ, ಗ್ರೈಮ್ ಪೂರ್ವ ಲಂಡನ್ನಿನ ಬೋ ಕಡೆಯದು, ಎದೆ ನಡುಗುತ್ತೆ ನೋಡು" ಅಂತ ದಾರಿಯುದ್ದಕ್ಕೂ ಕೊಚ್ಚಿಕೊಂಡಿದ್ದೆ.

ಎದೆ ನಡುಗೋದಿರಲಿ, ಕೈಲಿದ್ದ ಲೋಟದ ನೀರೂ ಅಲುಗಲಿಲ್ಲ. ಈ ಸಂಗೀತದ ಜೀವವೇ ಸಬ್ ಬೇಸ್, ಅಂದರೆ ಕಿವಿಗಿಂತ ಎದೆಗೆ ತಟ್ಟೋ ತುಂಬಾ ತಗ್ಗಿನ ಸದ್ದು. ಅಲ್ಲಿ ಸ್ಟ್ಯಾಂಡ್ ಮೇಲೆ ಎರಡು ಸ್ಪೀಕರ್, ಅಷ್ಟೆ. ಆ ಸದ್ದು ಹೊರಡಿಸೋ ಸಬ್‌ವೂಫರ್ ಇಲ್ಲವೇ ಇಲ್ಲ. ನಮ್ಮೂರ ಗಣೇಶನ ಪೆಂಡಾಲ್‌ನಲ್ಲೂ ಅದಕ್ಕಿಂತ ಜಾಸ್ತಿ ಸದ್ದಿರುತ್ತೆ.

ಅದನ್ನಾದರೂ ಸಹಿಸಬಹುದಿತ್ತು. ಒಂದು ಗ್ರೈಮ್ ಟ್ರ್ಯಾಕ್‌ಗೆ ಜನ ಕೂಗಿದರು, ಗೋಡೆ ಬಡಿದರು. ಕೇಳುವವರಿಗೆ ಗೊತ್ತಲ್ಲ, ಹಾಗಾದಾಗ ಡಿಜೆ ರೆಕಾರ್ಡ್ ಹಿಂದಕ್ಕೆ ಎಳೆದು ಮೊದಲಿಂದ ಹಾಕಬೇಕು. ಎಂಸಿ "ರೀಲೋಡ್! ರೀಲೋಡ್!" ಅಂತ ಅರಚುತ್ತಿದ್ದಾನೆ. ಹಾಡು ಅದರ ಪಾಡಿಗೆ ಓಡುತ್ತಲೇ ಇದೆ. ಡಿಜೆ ಸುಮ್ನೆ ನಾಬ್ ತಿರುಗಿಸುತ್ತಾ ಹಲ್ಲು ಕಿರಿಯುತ್ತಿದ್ದಾನೆ. ಮುಂದೆ ಹೋಗಿ ಬಗ್ಗಿ ನೋಡಿದೆ. ರೆಕಾರ್ಡ್ ತಿರುಗುತ್ತಿದೆ, ಸೂಜಿ ಮಾತ್ರ ಪಕ್ಕದ ಸ್ಟ್ಯಾಂಡ್ ಮೇಲೆ ಆರಾಮಾಗಿ ಕೂತಿದೆ! ಎರಡೂ ಟರ್ನ್‌ಟೇಬಲ್‌ನಲ್ಲಿ ಇದೇ ಕಥೆ. ಹಾಡು ಬರುತ್ತಿದ್ದದ್ದು ಲ್ಯಾಪ್‌ಟಾಪಿನಿಂದ, ಮೊದಲೇ ಮಿಕ್ಸ್ ಮಾಡಿಟ್ಟ ಒಂದೇ ಫೈಲು. ಪಾಪ, ಎಂಸಿಗೂ ಹೇಳಿರಲಿಲ್ಲ ಅನ್ಸುತ್ತೆ.

"ಮಾಮ, ಇದನ್ನ ಮನೇಲೇ ಕೇಳಬಹುದಿತ್ತಲ್ವಾ?" ಅಂದ ಹುಡುಗ. ಮಾನ ಹೋಯ್ತು.

ದುಡ್ಡು ವಾಪಸ್ ಕೇಳಿದ್ದಕ್ಕೆ ಆಯೋಜಕರ ಉತ್ತರ ನೋಡಿ. ಮೊದಲು, "ತಾಂತ್ರಿಕ ತೊಂದರೆ." ಯಾವ ತೊಂದರೆ? ಸೂಜಿ ಇಡೋಕೆ ಕೈ ಬರಲಿಲ್ಲವಾ? ಆಮೇಲೆ, "ಬೇರೆ ಯಾರೂ ದೂರು ಕೊಟ್ಟಿಲ್ಲ." ಕೊನೆಗೆ, "ನೀವು ಕುಣಿದಿದ್ದೀರಿ, ನಮ್ಮ ಹತ್ತಿರ ವಿಡಿಯೋ ಇದೆ." ಕುಣಿದೆ ರೀ! ಒಳಗೆ ಬಂದ ಹೊಸದರಲ್ಲಿ! ಕುಣಿದರೆ ಮೋಸ ಮಾಫಿನಾ? ಬ್ಯಾಂಕಿನವರೂ, ಟ್ರಾನ್ಸ್‌ಫರ್‌ಗೆ ಕಾರ್ಡಿನ ಹಾಗೆ ಚಾರ್ಜ್‌ಬ್ಯಾಕ್ (ಬ್ಯಾಂಕ್ ಮೂಲಕ ದುಡ್ಡು ವಾಪಸ್ ತರಿಸೋ ದಾರಿ) ಇಲ್ಲ ಅಂದರು. ಕಾರ್ಡ್ ಬೇಡ ಅಂದದ್ದು ಯಾಕೆ ಅಂತ ಈಗ ತಿಳೀತು.

ಕಾರ್ಡ್ ತಗೊಳ್ಳದವರ ಹತ್ತಿರ ಹೋಗಲೇಬೇಡಿ. ಯಾವ ಸೌಂಡ್ ಸಿಸ್ಟಮ್ ಅಂತ ಹೆಸರು ಕೇಳಿ, ಬಾಯಿ ಬಿಡದಿದ್ದರೆ ಬಿಟ್ಟುಬಿಡಿ. ಇದೇ ತಂಡ ಈಗ ಬ್ರಿಸ್ಟಲ್‌ಗೆ ಟಿಕೆಟ್ ಮಾರುತ್ತಿದೆ, ಈ ಸಲ 25 ಪೌಂಡ್.